ಬ್ಲಿಟ್ಜ್ ತಾಲೀಮು: 3+2ರಲ್ಲಿ ಇಲ್ಲಿಯವರೆಗೆ

ಶುರುವಿನಲ್ಲಿ

ಲಿಚೆಸ್ ಅನ್ನುವ ಚೆಸ್ ತಾಣದಲ್ಲಿ ನನ್ನ ಬ್ಲಿಟ್ಜ್ (ಕೆಲವೇ ನಿಮಿಷಗಳ ಚೆಸ್) ರೇಟಿಂಗ್ ಬಹಳ ಕಾಲದಿಂದ 1600ರ ಆಸುಪಾಸಿನಲ್ಲೇ ಕೂತಿತ್ತು. ಆಡುತ್ತಿದ್ದದ್ದು 3+0. ಇಡೀ ಆಟಕ್ಕೆ ತಲಾ ಮೂರು ನಿಮಿಷ, ಅದರ ಮೇಲೆ ಒಂದು ಸೆಕೆಂಡ್ ಕೂಡ ಇಲ್ಲ. ಈ ಬೇಸಿಗೆಯಲ್ಲಿ ಸುಮ್ನೆ ಆಡುತ್ತಾ ಹೋಗುವುದನ್ನು ನಿಲ್ಲಿಸಿ, ಸೋತ ಆಟಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಎಂಜಿನ್ (ಆಟವನ್ನು ತೂಗಿ ನೋಡುವ ಪ್ರೋಗ್ರಾಂ) ಕೊಡುವ ಅಂಕಕ್ಕಿಂತ, ಅಲ್ಲೇ ಪಕ್ಕದಲ್ಲಿರುವ ಇನ್ನೊಂದು ಗ್ರಾಫ್ ಜಾಸ್ತಿ ಕೆಲಸಕ್ಕೆ ಬಂತು. ಪ್ರತಿ ನಡೆಗೆ ಎಷ್ಟು ಸಮಯ ಹಿಡಿಯಿತು ಅಂತ ಅದು ತೋರಿಸುತ್ತದೆ.

ಎಲ್ಲ ಆಟದಲ್ಲೂ ಹೆಚ್ಚುಕಡಿಮೆ ಒಂದೇ ಕಥೆ. ಮೊದಲ ಎಂಟು ನಡೆ ಸರಸರ. ಆಮೇಲೆ ಹದಿನೈದನೇ ನಡೆಯೊಳಗೆ ಎಲ್ಲೋ ಒಂದು ಕಡೆ ಉದ್ದದ ಗೆರೆ, ಇಪ್ಪತ್ತೈದು ಮೂವತ್ತು ಸೆಕೆಂಡ್. ಅಷ್ಟು ಹೊತ್ತು ಯೋಚಿಸಿದ್ದು ಏನಪ್ಪಾ ಅಂದರೆ, ಆನೆಯನ್ನು ಡಿ1 ಮನೆಗೆ ಇಡಲೋ ಇ1ಕ್ಕೆ ಇಡಲೋ ಅಂತ. ಎರಡರಲ್ಲಿ ಯಾವುದಿಟ್ಟಿದ್ದರೂ ನಡೆಯುತ್ತಿತ್ತು. ಕೊನೆಗೆ ಗೆಲ್ಲುವ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಬರುವ ಹೊತ್ತಿಗೆ ಕೈಯಲ್ಲಿ ಎಂಟು ಸೆಕೆಂಡ್.

ಹಾಗಾಗಿ ಗುರಿ ಒಂದೇ ಇಟ್ಟುಕೊಂಡೆ. ಇಪ್ಪತ್ತನೇ ನಡೆಗೆ ಬಂದಾಗ ಗಡಿಯಾರದಲ್ಲಿ ಅರ್ಧದಷ್ಟಾದರೂ ಸಮಯ ಉಳಿದಿರಬೇಕು. ರೇಟಿಂಗ್ ಆಮೇಲೆ ನೋಡಿದರಾಯ್ತು.

3+2ಕ್ಕೆ ಬಂದದ್ದು

ಮೊದಲ ಬದಲಾವಣೆ ಇದೇ. ಪ್ರತಿ ನಡೆಗೆ ಎರಡು ಸೆಕೆಂಡ್ ವಾಪಸ್ ಬರುತ್ತದೆ. ಗೆದ್ದ ಸ್ಥಿತಿಯನ್ನು ಗೆಲುವಾಗಿ ಮುಗಿಸಲು ಅಷ್ಟು ಸಾಕು. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯುವುದೂ ಇದೇ 3+2ರಲ್ಲಿ. ಲಿಚೆಸ್ ಒಂದು ಆಟಕ್ಕೆ 40 ನಡೆ ಅಂತ ಲೆಕ್ಕ ಹಿಡಿಯುತ್ತದೆ. 180 ಸೆಕೆಂಡ್‌ಗೆ 80 ಸೇರಿಸಿದರೆ ತಲಾ 260 ಸೆಕೆಂಡ್. 3+0ಗೆ ಹೋಲಿಸಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಮೊದಲ ವಾರ ಮಾತ್ರ ಬೋರ್ ಅನ್ನಿಸಿತು. ಎದುರಾಳಿಯ ಟೈಮ್ ಮುಗಿಸಿ ಗೆಲ್ಲುವ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಅಲ್ವಾ.

ಪಝಲ್‌ಗಳು

ಜಾಸ್ತಿ ಸಮಯ ಹೋಗಿದ್ದು ಇಲ್ಲಿ. ದಿನಾ ಲಿಚೆಸ್‌ನ ಪಝಲ್ ಸ್ಟಾರ್ಮ್ ಆಡುತ್ತಿದ್ದೇನೆ, ಕೊಟ್ಟ ಸ್ಥಿತಿಗಳಲ್ಲಿ ಸರಿಯಾದ ನಡೆ ಬೇಗ ಬೇಗ ಹುಡುಕುವುದು. ಮೂರು ನಿಮಿಷ, ಸುಲಭದಿಂದ ಕಷ್ಟಕ್ಕೆ ಏರುತ್ತದೆ. ತಪ್ಪಾದರೆ 10 ಸೆಕೆಂಡ್ ಹೋಗುತ್ತದೆ, ತಪ್ಪಿಲ್ಲದೆ ಮುಂದೆ ಸಾಗಿದರೆ ಒಂದಿಷ್ಟು ಸೆಕೆಂಡ್ ಬೋನಸ್. ಶುರುವಿನಲ್ಲಿ ಬರೀ ಸ್ಕೋರ್ ಹಿಂದೆ ಬಿದ್ದಿದ್ದೆ. ಅದರಿಂದ ಬೆರಳು ಚುರುಕಾಯಿತು, ಕಣ್ಣು ಆಗಲಿಲ್ಲ. ಆಟ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ತಪ್ಪಾದವನ್ನೂ ತಡವಾದವನ್ನೂ ಬೇರೆ ಮಾಡಿ ನೋಡಬಹುದು. ಈಗ ಆ ಪಟ್ಟಿಗೇ ಹೆಚ್ಚು ಸಮಯ ಕೊಡುತ್ತೇನೆ. ಉತ್ತರ ಸರಿಯಾಗಿದ್ದರೂ ಹತ್ತು ಸೆಕೆಂಡ್ ಹಿಡಿದಿದ್ದರೆ ಅದೂ ಬಾಕಿ ಅಂತಲೇ ಲೆಕ್ಕ. ಏಳೆಂಟ್ಲ ಎಷ್ಟು ಅಂದರೆ ಐವತ್ತಾರು ಅಂತ ಬಾಯಿಗೆ ಬರುವ ಹಾಗೆ, ಹಿಂದಿನ ಸಾಲಿನ ಮೇಟ್ (ರಾಜ ತನ್ನ ಕೊನೆಯ ಸಾಲಿನಲ್ಲೇ ಸಿಕ್ಕಿಬೀಳುವುದು) ಕಣ್ಣಿಗೆ ಬೀಳಬೇಕು.

ಇದರ ಜೊತೆಗೆ ವಿಷಯವಾರು ಪಝಲ್. ಡ್ಯಾಶ್‌ಬೋರ್ಡ್‌ನಲ್ಲಿ ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಸೊರಗಿದ್ದೇವೆ ಅಂತ ತೋರಿಸುತ್ತದೆ. ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ದಾಳಿ ಮಾಡುವುದು), ಪಿನ್ (ಹಿಂದಿನ ಕಾಯಿಗೆ ಅಡ್ಡವಾಗಿ ಕದಲಲಾಗದೆ ನಿಲ್ಲುವುದು) ಪರವಾಗಿಲ್ಲ. ಡಿಸ್ಕವರ್ಡ್ ಅಟ್ಯಾಕ್ (ಒಂದು ಕಾಯಿ ಸರಿದಾಗ ಹಿಂದಿನ ಕಾಯಿಯ ದಾಳಿ ತೆರೆದುಕೊಳ್ಳುವುದು) ಮತ್ತು ರಕ್ಷಣೆಯ ನಡೆಗಳಲ್ಲಿ ನೆಲ ಕಚ್ಚಿದ್ದೆ. ಇನ್ನೊಂದು ವಿಚಿತ್ರ: ಕುದುರೆ, ಒಂಟೆ ಹಿಂದಕ್ಕೆ ಹೋಗುವ ನಡೆ ನನಗೆ ಕಾಣುವುದೇ ಇಲ್ಲ. ಇದು ನನ್ನೊಬ್ಬನ ಕಾಯಿಲೆ ಅಲ್ಲವಂತೆ. ಮುಂದಕ್ಕೆ ಹೊಡೆಯುವುದನ್ನೇ ಹುಡುಕುವ ಕಣ್ಣಿಗೆ ಹಿಂದಿನ ಮನೆ ಬೀಳುವುದಿಲ್ಲ. ಎರಡು ವಾರ ಬೇರೆಲ್ಲ ಬಿಟ್ಟು ಡಿಸ್ಕವರ್ಡ್ ಅಟ್ಯಾಕ್ ಮಾತ್ರ ಮಾಡಿದೆ. ಫಲ ಕಂಡಿದ್ದು ಅಲ್ಲೇ.

ಪಝಲ್‌ನಲ್ಲಿ ಒಂದು ತೊಂದರೆ ಇದೆ. ಅಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರೂ ಬಂದು ಹೇಳಲ್ಲ. ಅದಕ್ಕೆ ಎದುರಾಳಿ ನಡೆ ಇಟ್ಟ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ನಡೆಯಿಂದ ಯಾವ ಕಾಯಿಯ ಕಾವಲು ತಪ್ಪಿತು? ಆಮೇಲೆ ಚೆಕ್ ಇದೆಯಾ, ಹೊಡೆಯುವುದಿದೆಯಾ. ಒಂದು ಸೆಕೆಂಡಿನ ಕೆಲಸ, ಆದರೆ ಅಭ್ಯಾಸ ಆಗುವವರೆಗೆ ಹಿಂಸೆ.

ಓಪನಿಂಗ್

ಆಟದ ಶುರುವಿನ ಈ ನಡೆಗಳಿಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಬಿಳಿಯಲ್ಲಿ ಲಂಡನ್, ಕಪ್ಪಿನಲ್ಲಿ ಇ4ಗೆ ಕಾರೊ-ಕಾನ್. ಎರಡೂ ಒಂದೇ ಥರದ ಪಾನ್ (ಕಾಲಾಳು) ರಚನೆ ಕೊಡುತ್ತವೆ, ಯೋಚನೆ ಉಳಿಯುತ್ತದೆ. ಆದರೆ ಕಾರೊ-ಕಾನ್‌ನಲ್ಲಿ ಪ್ರಿಮೂವ್ (ಎದುರಾಳಿ ಆಡುವ ಮೊದಲೇ ನಮ್ಮ ಮುಂದಿನ ನಡೆ ಕೊಟ್ಟಿಡುವುದು) ಹಾಕುವವರಿಗೆ ಒಂದು ಎಚ್ಚರಿಕೆ. ಇ4 ಸಿ6, ಡಿ4 ಡಿ5, ಕುದುರೆ ಸಿ3. ಕಪ್ಪು ಇ4ರಲ್ಲಿ ಪಾನ್ ಹೊಡೆಯುತ್ತದೆ, ಬಿಳಿ ಕುದುರೆ ತಿರುಗಿ ಹೊಡೆಯುತ್ತದೆ. ಕಪ್ಪು ಕುದುರೆ ಡಿ7ಕ್ಕೆ. ಈಗ ಬಿಳಿ ರಾಣಿ ಸದ್ದಿಲ್ಲದೆ ಇ2ಕ್ಕೆ ಬರುತ್ತಾಳೆ. ಇನ್ನೊಂದು ಕುದುರೆ ಎಫ್6ಕ್ಕೆ ಅಂತ ಪ್ರಿಮೂವ್ ಹಾಕಿದ್ದರೆ ಆಟ ಮುಗಿಯಿತು. ಬಿಳಿ ಕುದುರೆ ಡಿ6ಕ್ಕೆ ಹಾರಿದರೆ ಮೇಟ್. ಇ7ರ ಪಾನ್ ರಾಣಿಯ ಎದುರು ಪಿನ್ ಆಗಿರುತ್ತದೆ, ಕುದುರೆಯನ್ನು ಹೊಡೆಯಲು ಬರುವುದಿಲ್ಲ. ಆರೇ ನಡೆ! ಹಾಗಾಗಿ ಪ್ರಿಮೂವ್ ಈಗ ಎರಡೇ ಕಡೆ: ತಿರುಗಿ ಹೊಡೆಯುವುದು ಖಚಿತ ಇದ್ದಾಗ, ಮತ್ತು ಟೈಮ್ ಮುಗಿಯುತ್ತಾ ಬಂದಾಗ. ಲಿಚೆಸ್‌ನಲ್ಲಿ ಪ್ರಿಮೂವ್‌ಗೆ ಗಡಿಯಾರ ಏನೂ ಕಳೆಯುವುದಿಲ್ಲ. ಚೆಸ್ ಡಾಟ್ ಕಾಮ್‌ನಲ್ಲಿ 0.1 ಸೆಕೆಂಡ್ ಹೋಗುತ್ತದೆ. ಅಲ್ಲೂ ಇಲ್ಲೂ ಆಡುವವರು ಇದನ್ನು ನೆನಪಿಡಬೇಕು.

ಎಂಡ್‌ಗೇಮ್

ಪುಸ್ತಕದಲ್ಲಿ ಓದಿದ್ದು ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಎದುರು ಸ್ಥಿತಿ ಜೋಡಿಸಿಕೊಂಡು ಚಿಕ್ಕ ಗಡಿಯಾರದಲ್ಲಿ ಆಡುತ್ತೇನೆ. ಮೊದಲು ರಾಜ-ಆನೆ ಮೇಟ್. ಆಮೇಲೆ ಲುಸೆನಾ ಅನ್ನುವ ಗೆಲ್ಲುವ ಸ್ಥಿತಿ: ನನ್ನ ರಾಜ ತನ್ನ ಪಾನ್ ಮುಂದೆ ಸಿಕ್ಕಿಕೊಂಡಿರುತ್ತಾನೆ. ಆನೆಯನ್ನು ನಾಲ್ಕನೇ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡ ನಿಲ್ಲಿಸಿದರೆ ಪಾನ್ ರಾಣಿಯಾಗುತ್ತದೆ. ಡ್ರಾ ಉಳಿಸಿಕೊಳ್ಳುವ ಕಡೆಗೆ ಫಿಲಿಡಾರ್ ಅನ್ನುವ ಸ್ಥಿತಿ: ಆನೆಯನ್ನು ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಇಟ್ಟುಕೊಂಡು ಕಾಯುವುದು. ಪಾನ್ ಆ ಸಾಲಿಗೆ ಬಂದ ಕೂಡಲೇ ದೂರ ಹೋಗಿ ಹಿಂದಿನಿಂದ ಚೆಕ್ ಕೊಡುವುದು. ಇವೆರಡು ಬಂದರೆ ಆನೆ ಎಂಡ್‌ಗೇಮ್‌ನ ಭಯ ಮುಕ್ಕಾಲು ಪಾಲು ಹೋಗುತ್ತದೆ.

ಒಂದು ಸಣ್ಣ ಉಪಾಯ. ಟೈಮ್ ಖಂಡಿತ ಮುಗಿಯುತ್ತದೆ ಅನ್ನಿಸಿದರೆ ಎದುರಾಳಿಯ ಕೊನೆಯ ಪಾನ್ ಹೊಡೆಯಲು ನನ್ನ ಆನೆಯನ್ನೇ ಬಲಿ ಕೊಡುತ್ತೇನೆ. ಎದುರಿಗೆ ಬರೀ ರಾಜ ಉಳಿದಿದ್ದರೆ, ನನ್ನ ಸಮಯ ಮುಗಿದರೂ ಅದು ಡ್ರಾ. ಅರ್ಧ ಅಂಕ ಉಳಿಯಿತಲ್ಲ.

ಮೌಸ್, ವಯಸ್ಸು, ಇತ್ಯಾದಿ

ಫೋನ್‌ನಲ್ಲಿ ಆಡುವುದನ್ನು ಬಿಟ್ಟೆ. ಕಾಯಿ ಎಳೆಯುವ ಬದಲು, ಹೊರಡುವ ಮನೆ ಒಮ್ಮೆ, ಸೇರುವ ಮನೆ ಒಮ್ಮೆ ಕ್ಲಿಕ್ ಮಾಡುವುದು ನನಗೆ ಒಗ್ಗಿತು. ನಲವತ್ತು ದಾಟಿದ ಮೇಲೆ ಬ್ಲಿಟ್ಜ್ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ವಿಶ್ವನಾಥನ್ ಆನಂದ್ 2017ರಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಗೆದ್ದಾಗ ಅವರಿಗೆ 48 ವರ್ಷ. ಅದೇ ವಾರ ಬ್ಲಿಟ್ಜ್‌ನಲ್ಲಿ ಕಂಚೂ ಬಂತು. ನನಗೂ ಅವರಿಗೂ ಏನೂ ಸಂಬಂಧವಿಲ್ಲ, ಆದರೆ ವಾದಕ್ಕೆ ಚೆನ್ನಾಗಿದೆ.

ಸತತ ಎರಡು ಸೋಲಾದರೆ ಆ ರಾತ್ರಿ ಬಂದ್. ಈ ನಿಯಮ ಪಾಲಿಸಿದ ವಾರ ಮತ್ತು ಮುರಿದ ವಾರದ ರೇಟಿಂಗ್ ಗೆರೆ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಈಗ

1740ರ ಮೇಲೆ ಕೆಳಗೆ ಓಡಾಡುತ್ತಿದೆ. ಇಪ್ಪತ್ತನೇ ನಡೆಗೆ ಅರ್ಧ ಸಮಯ ಉಳಿಸುವ ಗುರಿ ಕಪ್ಪಿನಲ್ಲಿ ಹೆಚ್ಚಾಗಿ ಈಡೇರುತ್ತಿದೆ, ಬಿಳಿಯಲ್ಲಿ ಇಲ್ಲ. ಲಂಡನ್‌ನಲ್ಲಿ ಕಪ್ಪು ಬೇಗನೆ ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದು ಬಿ2 ಪಾನ್ ಮೇಲೆ ಕಣ್ಣಿಟ್ಟರೆ ನಾನು ಇನ್ನೂ ತಡವರಿಸುತ್ತೇನೆ. ಮುಂದಿನ ಕೆಲಸ ಅದೇ. ಜೊತೆಗೆ ಲಿಚೆಸ್‌ನ ವಾರಾಂತ್ಯದ ಅರೀನಾ ಟೂರ್ನಿಗಳು. ಅಲ್ಲಿ ಬರ್ಸರ್ಕ್ ಒತ್ತಿದರೆ ಗೆದ್ದಾಗ ಒಂದು ಅಂಕ ಜಾಸ್ತಿ ಸಿಗುತ್ತದೆ, ಆದರೆ ಸಮಯ ಅರ್ಧವಾಗುತ್ತದೆ, 3+2ರ ಆ ಎರಡು ಸೆಕೆಂಡೂ ಹೋಗುತ್ತದೆ. ಸದ್ಯಕ್ಕೆ ಆ ಗುಂಡಿ ಮುಟ್ಟುವುದಿಲ್ಲ.