ಆಲ್ಬುಕರ್ಕಿಯ ಇಂಡೋರ್ ಅಥ್ಲೆಟಿಕ್ಸ್ ಕೂಟ: ಮಕ್ಕಳ ಓಟ ನೋಡಲು ಹೋಗುವವರಿಗೆ

ಫೆಬ್ರುವರಿ ಕೊನೆಗೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಹೋಗೋಣವೇ ಎಂಬ ಮಾತು ನಿಮ್ಮ ಮನೆಯಲ್ಲೂ ಎದ್ದಿದ್ದರೆ ಮೊದಲು ಹೋಟೆಲ್ ಬುಕ್ ಮಾಡಿ, ಮಿಕ್ಕಿದ್ದನ್ನು ಆಮೇಲೆ ಓದಿ. ಮೌಂಟನ್ ವೆಸ್ಟ್ ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟದ ಇಂಡೋರ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ವರ್ಷಗಳಿಂದ ನಡೆಯುತ್ತಿರುವುದು ಊರಿನ ನಡುಮಧ್ಯದ ಕನ್ವೆನ್ಷನ್ ಸೆಂಟರಿನಲ್ಲಿ. ಒಂದೊಂದು ವಿಶ್ವವಿದ್ಯಾಲಯವೂ ಓಟಗಾರರು, ಕೋಚ್‌ಗಳು, ಫಿಸಿಯೋಗಳು ಅಂತ ದಂಡೇ ಕಟ್ಟಿಕೊಂಡು ಬರುತ್ತದೆ. ನಡೆದು ಹೋಗುವಷ್ಟು ಹತ್ತಿರದ ರೂಮುಗಳು ಅವರಿಗೇ ಸಾಲುವುದಿಲ್ಲ.

ನಮ್ಮ ಅಕ್ಕನ ಮಗಳು ಈ ಕಾನ್ಫರೆನ್ಸಿನ ಒಂದು ತಂಡದಲ್ಲಿ 800 ಮೀಟರ್ ಓಡುತ್ತಾಳೆ. ನಾವಿರುವುದು ಪಕ್ಕದ ಅರಿಜೋನಾದ ಫೀನಿಕ್ಸ್‌ನಲ್ಲಿ. 2025ರ ಕೂಟಕ್ಕೆ ಹೊರಟಾಗ ಹಾಸನದಿಂದ ಬಂದಿದ್ದ ಅಮ್ಮನೂ ಕಾರು ಹತ್ತಿದರು. ಹೀಗಾಗಿ ಇದು ಅಥ್ಲೆಟಿಕ್ಸ್ ಅರೆದು ಕುಡಿದವರಿಗಿಂತ, ವಯಸ್ಸಾದವರನ್ನು ಕರೆದುಕೊಂಡು ಮಕ್ಕಳ ಓಟ ನೋಡಲು ಹೋಗುವವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು.

ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡೇ ಒಳಗೆ ಹೋಗಿ: ಇಲ್ಲಿ ಗಡಿಯಾರ ನೋಡಬೇಡಿ, ಎಷ್ಟನೆಯವರಾಗಿ ಬಂದರು ಅಂತ ನೋಡಿ. ಜನವರಿಯಿಂದ ವಾರವಾರವೂ ನಡೆಯುವ ಕೂಟಗಳಲ್ಲಿ ಮಕ್ಕಳು ಓಡುವುದು ಸಮಯಕ್ಕಾಗಿ. ರಾಷ್ಟ್ರೀಯ ಕೂಟಕ್ಕೆ ಪ್ರತಿ ವೈಯಕ್ತಿಕ ಸ್ಪರ್ಧೆಯಲ್ಲಿ ದೇಶದ ಮೊದಲ 16 ಮಂದಿಗೆ, ರಿಲೇಗೆ 12 ತಂಡಗಳಿಗೆ ಮಾತ್ರ ಜಾಗ, ಅದು ಸಿಗುವುದು ದೇಶದ ಪಟ್ಟಿಯಲ್ಲಿ ಎಷ್ಟನೆಯವರು ಎಂಬ ಲೆಕ್ಕದ ಮೇಲೆ. ಕಾನ್ಫರೆನ್ಸ್ ಕೂಟದ ಲೆಕ್ಕವೇ ಬೇರೆ. ಮೊದಲ ಎಂಟು ಮಂದಿಗೆ 10, 8, 6, 5, 4, 3, 2, 1 ಅಂಕ. ಆ ಅಂಕಗಳನ್ನೆಲ್ಲ ಕೂಡಿಸಿ ಗಂಡಸರಿಗೊಂದು, ಹೆಂಗಸರಿಗೊಂದು ತಂಡದ ಕಪ್. ಹಾಗಾಗಿ ಎಂಟನೆಯ ಸ್ಥಾನಕ್ಕಾಗಿ ಇಬ್ಬರು ಎದೆ ಮುಂದೆ ಚಾಚಿ ಬೀಳುತ್ತಾರೆ. ಗೆದ್ದವಳು ಆರಾಮಾಗಿ ಉಸಿರು ಬಿಡುತ್ತಿರುವಾಗ ಹಿಂದೆ ನಿಜವಾದ ಜಗಳ ನಡೆದಿರುತ್ತದೆ. ಅಲ್ಲಿಗೆ ಕಣ್ಣು ಹೊರಳಿಸುವುದು ಅಭ್ಯಾಸವಾದರೆ ಮೂರು ದಿನವೂ ಬೇಸರವಿಲ್ಲ.

ಗಡಿಯಾರ ನೋಡಬೇಡಿ ಎನ್ನಲು ಇನ್ನೊಂದು ಕಾರಣ ಆ ಊರಿನ ಎತ್ತರ. ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್. ಬೆಂಗಳೂರು 920 ಮೀಟರ್ ಆಸುಪಾಸಿನಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930. ಗಾಳಿ ತೆಳು, ತಡೆ ಕಡಿಮೆ, ಆದ್ದರಿಂದ ಚಿಕ್ಕ ಓಟದವರಿಗೆ ಹಬ್ಬ. ಕ್ರಿಶ್ಚಿಯನ್ ಕೋಲ್‌ಮನ್ 2018ರಲ್ಲಿ 60 ಮೀಟರ್‌ಗೆ 6.34 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ಇದೇ ಊರಿನಲ್ಲಿ. 2024ರಲ್ಲಿ ಗ್ರಾಂಟ್ ಹಾಲೋವೇ 60 ಮೀಟರ್ ಹರ್ಡಲ್ಸ್‌ನಲ್ಲಿ 7.27ಕ್ಕೆ ಇಳಿದದ್ದೂ ಇಲ್ಲೇ. ಆದರೆ ಮೈಲಿ, 3,000, 5,000 ಮೀಟರ್ ಓಡುವವರಿಗೆ ಅದೇ ತೆಳುಗಾಳಿ ಶತ್ರು. 1968ರ ಮೆಕ್ಸಿಕೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ: 2,240 ಮೀಟರ್ ಎತ್ತರದಲ್ಲಿ ಬಾಬ್ ಬೀಮನ್ ಲಾಂಗ್‌ಜಂಪ್‌ನಲ್ಲಿ 8.90 ಮೀಟರ್ ಹಾರಿದರೆ, 10,000 ಮೀಟರ್ ಗೆದ್ದ ನಫ್ತಾಲಿ ಟೆಮುಗೆ 29 ನಿಮಿಷಕ್ಕೂ ಹೆಚ್ಚು ಹಿಡಿಯಿತು, ಆಗಿನ ವಿಶ್ವದಾಖಲೆ 28 ನಿಮಿಷದೊಳಗಿತ್ತು. ದೂರದ ಓಟಗಳ ಸಮಯವನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸುವಾಗ ಎತ್ತರದ ಲೆಕ್ಕ ಹಾಕಿ ಸರಿಪಡಿಸುತ್ತಾರೆ. ಆದ್ದರಿಂದ ನಿಮ್ಮ ಮಗ 3,000 ಮೀಟರ್‌ನಲ್ಲಿ ಮನೆಯ ಟ್ರ್ಯಾಕಿಗಿಂತ ನಿಧಾನ ಓಡಿದನೆಂದು ಸಪ್ಪೆ ಮುಖ ಮಾಡಿಕೊಂಡು ಅವನೆದುರು ನಿಲ್ಲಬೇಡಿ. ಅವನಿಗೆ ಅದು ಗೊತ್ತಿರುತ್ತದೆ.

ಆ ಎತ್ತರ ಓಟ ನೋಡಲು ಬಂದವರನ್ನೂ ಬಿಡುವುದಿಲ್ಲ. ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು, ಸಣ್ಣ ತಲೆನೋವು. ಅದಕ್ಕಿಂತ ಹೆಚ್ಚು ಕಾಡುವುದು ಒಣಹವೆ. ತುಟಿ ಒಡೆಯುತ್ತದೆ, ಮೂಗಿನೊಳಗೆ ಉರಿ. ನೀರು ಕುಡಿಯುತ್ತಲೇ ಇರಿ, ವ್ಯಾಸಲೀನ್ ಜೇಬಿನಲ್ಲಿರಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಒಂದು ದಿನ ಮೊದಲೇ ತಲುಪಿ ಸುಮ್ಮನೆ ಮಲಗುವುದು ಒಳ್ಳೆಯದು. ಅಮ್ಮನಿಗೆ ರಾತ್ರಿ ರೂಮಿನ ಹವೆ ತುಸು ತೇವವಾಗಲೆಂದು, ಬಕೆಟ್ ಇಲ್ಲದ್ದಕ್ಕೆ ಟಬ್ಬಿನಲ್ಲೇ ಬಿಸಿನೀರು ಬಿಟ್ಟು ಬಾತ್‌ರೂಮಿನ ಬಾಗಿಲು ತೆಗೆದಿಟ್ಟೆವು, ನಿದ್ದೆ ಬಂತು.

ಫೀನಿಕ್ಸ್‌ನಿಂದ ಕಾರಿನಲ್ಲಿ ಆರೂವರೆ ಏಳು ಗಂಟೆಯ ದಾರಿ. ಪೇಸನ್, ಹೀಬರ್ ಹಾದು ಹೋಲ್‌ಬ್ರೂಕ್‌ನಲ್ಲಿ ಐ-40 ಹಿಡಿದರೆ ಆಮೇಲೆ ನೇರ ಪೂರ್ವಕ್ಕೆ. ಪೇಸನ್ ದಾಟಿ ಮೊಗಲಾನ್ ಘಟ್ಟ ಹತ್ತುವಾಗ ಫೆಬ್ರುವರಿಯಲ್ಲಿ ಹಿಮ ಇರಬಹುದು, ಹೊರಡುವ ಹಿಂದಿನ ರಾತ್ರಿ ರಸ್ತೆಯ ಸ್ಥಿತಿ ನೋಡಿಕೊಳ್ಳಿ. ಕತ್ತಲಾದ ಮೇಲೆ ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ರಸ್ತೆಗೆ ಬರುತ್ತವೆ, ಆದ್ದರಿಂದ ಬೆಳಗ್ಗೆ ಹೊರಡುವುದೇ ವಾಸಿ. ಆ ಕಾಲಕ್ಕೆ ಅರಿಜೋನಾ, ನ್ಯೂ ಮೆಕ್ಸಿಕೊ ಎರಡರಲ್ಲೂ ಒಂದೇ ಸಮಯ. ಬೇರೆ ಕಡೆಯಿಂದ ವಿಮಾನದಲ್ಲಿ ಬರುವವರಿಗೆ ಏರ್‌ಪೋರ್ಟ್ ಊರಿಗೆ ಅಂಟಿಕೊಂಡೇ ಇದೆ. ಸಿಟಿ ಬಸ್ಸು ಎಲ್ಲರಿಗೂ ಉಚಿತ, ನಿಜವಾಗಲೂ ಉಚಿತ, ಟಿಕೆಟ್ಟೇ ಇಲ್ಲ. ಕಾರು ತಂದವರು ಸೀಟಿನ ಮೇಲೆ ಬ್ಯಾಗು, ಜಾಕೆಟ್ ಏನೂ ಕಾಣದಂತೆ ನೋಡಿಕೊಳ್ಳಿ, ಕಾರಿನ ಗಾಜು ಒಡೆಯುವವರ ವಿಷಯದಲ್ಲಿ ಆ ಊರಿಗೆ ಒಳ್ಳೆಯ ಹೆಸರಿಲ್ಲ.

ಇನ್ನು ಒಳಾಂಗಣ. ವಸ್ತುಪ್ರದರ್ಶನ ನಡೆಯುವಂಥ ಹಾಲ್‌ನಲ್ಲಿ 200 ಮೀಟರ್ ಸುತ್ತಳತೆಯ ಟ್ರ್ಯಾಕ್ ಹಾಸಿರುತ್ತಾರೆ, ಹೊರಾಂಗಣದ ಅರ್ಧ. ತಿರುವುಗಳು ಹೊರಗಡೆಗೆ ಎತ್ತರಿಸಿದ ಇಳಿಜಾರು. ಬಾವಿಯ ಗೋಡೆ ಮೇಲೆ ಮೋಟರ್‌ಸೈಕಲ್ ಓಡಿಸುವ ಜಾತ್ರೆಯ ಆಟ ನೋಡಿದವರಿಗೆ ಆ ತಿರುವಿನಲ್ಲಿ ಓಡುವವರ ವಾಲಾಟ ಕೂಡಲೇ ಅರ್ಥವಾಗುತ್ತದೆ. ಆದ್ದರಿಂದಲೇ 200, 400ರಲ್ಲಿ ಎಲ್ಲರಿಗೂ ಐದು, ಆರನೆಯ ಲೇನ್ ಬೇಕು. ಒಳಗಿನ ಲೇನಿನ ತಿರುವು ಬಹಳ ಬಿಗಿ. ಫೈನಲ್‌ನಲ್ಲಿ ಒಳಲೇನ್ ಸಿಕ್ಕಿದವರ ಮುಖ ನೋಡಿದರೇ ತಿಳಿಯುತ್ತದೆ.

ಎಲ್ಲಿ ಕೂರಬೇಕು? ಮುಕ್ತಾಯದ ಗೆರೆ ಎದುರಿನ ಸೀಟು ಎಲ್ಲರೂ ಬಯಸುವುದು, ಬೇಗ ತುಂಬುವುದೂ ಅದೇ. ನನ್ನ ಕೇಳಿದರೆ ಕೊನೆಯ ತಿರುವು ಮುಗಿದು ನೇರ ಹಾದಿ ಶುರುವಾಗುವ ಕಡೆ ಮೇಲಿನ ಸಾಲಿನಲ್ಲಿ ಕೂರಿ. ಯಾರು ಯಾರನ್ನು ಹಿಂದಿಕ್ಕುತ್ತಾರೆ ಎಂಬುದು ನಿರ್ಧಾರವಾಗುವುದು ಅಲ್ಲಿ. ಬೆಂಚು ಗಟ್ಟಿ, ಬೆನ್ನಿಗೆ ಆಸರೆ ಇರುವುದಿಲ್ಲ. ದಿಂಬು ಒಯ್ಯಿರಿ. ಸದ್ದು ವಿಪರೀತ: ಸ್ಟಾರ್ಟರ್ ಶಬ್ದ, ಲೌಡ್‌ಸ್ಪೀಕರು, ಮುಚ್ಚಿದ ಛಾವಣಿಯ ಕೆಳಗೆ ಸಾವಿರ ಕೂಗು. ಹಿರಿಯರಿಗೂ ಎಳೆಮಕ್ಕಳಿಗೂ ಕಿವಿಗೆ ಹತ್ತಿಯಾದರೂ ಇರಲಿ. ಓಟಗಾರರು "ಸೆಟ್" ಸ್ಥಿತಿಗೆ ಏಳುವಾಗ ಮಾತ್ರ ಇಡೀ ಹಾಲ್ ಉಸಿರು ಹಿಡಿಯುತ್ತದೆ. ಆಗ ಮಗಳ ಹೆಸರು ಕೂಗಿ ಕರೆಯಬೇಡಿ. ಒಂದು ತಪ್ಪು ಆರಂಭ ಮಾಡಿದರೂ ಅವಳು ಹೊರಗೆ, ಎರಡನೆಯ ಅವಕಾಶವಿಲ್ಲ.

ಕೂಟ ಸಾಮಾನ್ಯವಾಗಿ ಗುರುವಾರದಿಂದ ಶನಿವಾರ. ರಜೆ ಕಡಿಮೆ ಇದ್ದವರು ಶನಿವಾರ ಬಂದರೆ ಸಾಕೇ ಎಂದು ಕೇಳುತ್ತಾರೆ. 60, 200, 400, 800, ಮೈಲಿ ಓಡುವವರ ಮನೆಯವರು ಶುಕ್ರವಾರವೇ ಬನ್ನಿ, ಅವುಗಳ ಪ್ರಾಥಮಿಕ ಸುತ್ತು ಹಿಂದಿನ ದಿನವೇ ಇರುತ್ತದೆ, ಅಲ್ಲಿ ಉಳಿದರಷ್ಟೇ ಶನಿವಾರ. ಹೆಂಗಸರ ಪೆಂಟಾಥ್ಲಾನ್ ಒಂದೇ ದಿನದಲ್ಲಿ ಮುಗಿಯುತ್ತದೆ: ಹರ್ಡಲ್ಸ್, ಹೈಜಂಪ್, ಶಾಟ್‌ಪುಟ್, ಲಾಂಗ್‌ಜಂಪ್, 800. ಗಂಡಸರ ಹೆಪ್ಟಾಥ್ಲಾನ್ ಎರಡು ದಿನ ಎಳೆಯುತ್ತದೆ, ಮನೆಯವರು ಸೋತು ಸುಣ್ಣವಾಗುತ್ತಾರೆ. ವೇಳಾಪಟ್ಟಿಯನ್ನು ಕಾನ್ಫರೆನ್ಸಿನ ಸೈಟಿನಲ್ಲಿ ನೋಡಿ, ಬೆಳಗ್ಗೆ ಮತ್ತೊಮ್ಮೆ ನೋಡಿ, ಬದಲಾಗುತ್ತಿರುತ್ತದೆ. ಕೊನೆಯ ಸ್ಪರ್ಧೆ 4x400 ರಿಲೇ. ವಿಮಾನ ಹಿಡಿಯುವ ಗಡಿಬಿಡಿಯಲ್ಲಿ ಅದಕ್ಕೆ ಮೊದಲೇ ಎದ್ದು ಹೋಗಬೇಡಿ. ಅಂಕಗಳ ಪಟ್ಟಿಯಲ್ಲಿ ಎರಡು ತಂಡಗಳು ಹತ್ತಿರವಿದ್ದರೆ ಕಪ್ ತೀರ್ಮಾನವಾಗುವುದು ಆ ಎಂಟು ಸುತ್ತುಗಳಲ್ಲಿ.

800 ಅಂದರೆ ಇಲ್ಲಿ ನಾಲ್ಕು ಸುತ್ತು. ಮೊದಲ ತಿರುವು ತಮ್ಮ ತಮ್ಮ ಲೇನಿನಲ್ಲಿ ಮುಗಿಸಿ ಎಲ್ಲರೂ ಒಳಗೆ ನುಗ್ಗುತ್ತಾರೆ. ಮೊಣಕೈ ತಾಗುತ್ತದೆ, ಸ್ಪೈಕ್ ತಗುಲುತ್ತದೆ. ನಮ್ಮ ಹುಡುಗಿ ಎರಡನೆಯ ಸುತ್ತಿನಲ್ಲಿ ಒಳಗೆ ಸಿಕ್ಕಿಹಾಕಿಕೊಂಡಳು, ಮುಂದೆ ಒಬ್ಬಳು, ಪಕ್ಕದಲ್ಲಿ ಒಬ್ಬಳು, ಹೊರಬರಲು ದಾರಿಯಿಲ್ಲ. "ಅಯ್ಯೋ ಸರೀರಿ ಅಂತ ಹೇಳಬಾರದೇನೇ ಅವರಿಗೆ" ಅಂತ ಅಮ್ಮ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಪಕ್ಕದವಳು ಅರ್ಧ ಹೆಜ್ಜೆ ಹೊರಕ್ಕೆ ವಾಲಿದಳು, ಇವಳು ಆ ಸಂದಿಯಲ್ಲಿ ತೂರಿ ಬಂದು ಅಂಕ ಸಿಗುವ ಸ್ಥಾನದೊಳಗೆ ಗೆರೆ ದಾಟಿದಳು. ದಾಟಿದ ಮೇಲೆ ಮಂಡಿ ಹಿಡಿದು ಬಗ್ಗಿ ಕೆಮ್ಮತೊಡಗಿದಳು. ಒಬ್ಬಳಲ್ಲ, ಓಡಿದವರೆಲ್ಲರೂ. ಅಮ್ಮ ಗಾಬರಿಯಾಗಿ ಶುಂಠಿ ಹುಡುಕತೊಡಗಿದರು. ಇದಕ್ಕೆ ಓಟಗಾರರು "ಟ್ರ್ಯಾಕ್ ಹ್ಯಾಕ್" ಅನ್ನುತ್ತಾರೆ. ಒಣಗಾಳಿಯನ್ನು ಬಾಯಿ ತುಂಬ ಎಳೆದು ಶ್ವಾಸನಾಳ ಕೆರಳಿ ಬರುವ ಕೆಮ್ಮು, ಸಾಮಾನ್ಯವಾಗಿ ಕೆಲ ಗಂಟೆಗಳಲ್ಲಿ ತಣಿಯುತ್ತದೆ. ಅಸ್ತಮಾ ಇರುವ ಮಕ್ಕಳ ಇನ್‌ಹೇಲರ್ ತಂಡದ ಟ್ರೇನರ್ ಹತ್ತಿರ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಟ್ರ್ಯಾಕಿಗೆ ಮಾತ್ರ ಮುಖ ಮಾಡಿ ಕೂತರೆ ಎಸೆತಗಳು ಕಣ್ತಪ್ಪಿ ಹೋಗುತ್ತವೆ. ಒಳಾಂಗಣದಲ್ಲಿ ಜಾವೆಲಿನ್, ಡಿಸ್ಕಸ್ ಇಲ್ಲ. ಇರುವುದು ಶಾಟ್‌ಪುಟ್, ಜೊತೆಗೆ ಹ್ಯಾಮರ್ ಬದಲಿಗೆ ವೆಯ್ಟ್ ಥ್ರೋ: ಗಿಡ್ಡ ಹಿಡಿಕೆಯ ಗುಂಡು, ಗಂಡಸರಿಗೆ 35 ಪೌಂಡು, ಹೆಂಗಸರಿಗೆ 20. ಹೋದ ಕೂಡಲೇ ಅದರ ವೃತ್ತ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. 2025ರ ಇದೇ ಕೂಟದಲ್ಲಿ ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ತಂಡಕ್ಕೆ ಆಡಿದ ಚೆನ್ನೈನ ಕೃಷ್ಣಾ ಜಯಶಂಕರ್ ಶಾಟ್‌ಪುಟ್ಟನ್ನು 16.03 ಮೀಟರ್ ಎಸೆದು ಭಾರತದ ಒಳಾಂಗಣ ರಾಷ್ಟ್ರೀಯ ದಾಖಲೆ ಬರೆದರು. ಒಳಾಂಗಣದಲ್ಲಿ 16 ಮೀಟರ್ ದಾಟಿದ ಮೊದಲ ಭಾರತೀಯ ಮಹಿಳೆ ಅವರು. ನಮ್ಮ ಕರ್ನಾಟಕದ ಲಾಂಗ್‌ಜಂಪ್ ಹುಡುಗ ಲೋಕೇಶ್ ಸತ್ಯನಾಥನ್ ಕೂಡ ಟೆಕ್ಸಾಸಿನ ಟಾರ್ಲ್‌ಟನ್ ಸ್ಟೇಟ್ ತಂಡಕ್ಕೆ ಜಿಗಿದವರು, ಅದು ಬೇರೆ ಕಾನ್ಫರೆನ್ಸ್. ಭಾರತದಲ್ಲಿ ಇಂಥ ಟ್ರ್ಯಾಕ್‌ಗಳೇ ಅಪರೂಪವಾದ್ದರಿಂದ ನಮ್ಮವರ ಒಳಾಂಗಣ ಸಾಧನೆಯ ಸುದ್ದಿ ಹೆಚ್ಚಾಗಿ ಇಂಥ ಹಾಲ್‌ಗಳಿಂದಲೇ ಬರುತ್ತದೆ, ಮತ್ತು ಊರಿನ ಪತ್ರಿಕೆಗಳಲ್ಲಿ ಮೂಲೆಗೆ ಸೇರುತ್ತದೆ. ನನಗದು ಬೇಸರ.

ಓಟ ಮುಗಿದ ತಕ್ಷಣ ಮಗಳನ್ನು ತಬ್ಬಿಕೊಳ್ಳುತ್ತೇವೆ ಅಂದುಕೊಂಡು ಹೋಗಬೇಡಿ. ಟ್ರ್ಯಾಕಿನ ಒಳಗೆ ಮನೆಯವರಿಗೆ ಪ್ರವೇಶವಿಲ್ಲ. ನಿಧಾನವಾಗಿ ಓಡಿ ಮೈ ತಣಿಸಿಕೊಂಡು, ಕೋಚ್ ಜೊತೆ ಮಾತಾಡಿ ಬರುವಷ್ಟರಲ್ಲಿ ಅರ್ಧ ಮುಕ್ಕಾಲು ಗಂಟೆ. ಊಟ, ಮಲಗುವುದು ಎಲ್ಲ ತಂಡದ ಜೊತೆ. ನೀವು ಪುಳಿಯೋಗರೆ ಗೊಜ್ಜು ತಂದಿದ್ದರೆ ಎಲ್ಲ ಸ್ಪರ್ಧೆ ಮುಗಿಯುವವರೆಗೆ ಅದನ್ನು ಹೊರಗೆ ತೆಗೆಯಬೇಡಿ. ರಿಲೇ ಬಾಕಿ ಇರುವವಳಿಗೆ ಅಜ್ಜಿಯ ಕೈತುತ್ತು ಒಳ್ಳೆಯದಲ್ಲ, ಅಜ್ಜಿಗೆ ಇದನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ನಿಮ್ಮ ಊಟಕ್ಕೆ ಆ ಊರು ಸ್ವರ್ಗ, ಖಾರ ಇಷ್ಟವಿದ್ದರೆ. ಎಲ್ಲದರ ಮೇಲೂ ಮೆಣಸಿನಕಾಯಿ ಗೊಜ್ಜು ಸುರಿಯುತ್ತಾರೆ, ಕೆಂಪೋ ಹಸಿರೋ ಎಂದು ಕೇಳುತ್ತಾರೆ. ಎರಡೂ ಬೇಕಿದ್ದರೆ "ಕ್ರಿಸ್‌ಮಸ್" ಅನ್ನಿ. ಸಸ್ಯಾಹಾರಿಗಳು ಮಾತ್ರ ಎರಡು ಪ್ರಶ್ನೆ ತಪ್ಪದೆ ಕೇಳಿ: ಹಸಿಮೆಣಸಿನ ಗೊಜ್ಜಿನಲ್ಲಿ ಹಂದಿ ಮಾಂಸ ಇದೆಯೇ, ಕಾಳನ್ನು ಹಂದಿ ಕೊಬ್ಬಿನಲ್ಲಿ ಬೇಯಿಸಿದ್ದೇ. ಅನೇಕ ಕಡೆ ಹೌದು ಎಂಬ ಉತ್ತರವೇ ಬರುತ್ತದೆ. ಸೋಪಪಿಯಾ ಎಂಬ ಉಬ್ಬಿದ ಪೂರಿಗೆ ಜೇನು ಹಾಕಿಕೊಂಡು ತಿನ್ನಿ, ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆಂದು ಕೇಳಿಕೊಂಡು.

ಬಿಡುವಿನ ಅರ್ಧ ದಿನ ಸಿಕ್ಕರೆ ಸ್ಯಾಂಡಿಯಾ ಬೆಟ್ಟದ ರೋಪ್‌ವೇ ಒಳ್ಳೆಯದು. 2.7 ಮೈಲಿ ಉದ್ದ, ಮೇಲೆ 10,378 ಅಡಿ. ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ, ಹೊರಡುವ ಮೊದಲು ಫೋನ್ ಮಾಡಿ. ಉಸಿರಾಟದ ತೊಂದರೆ ಇರುವವರು ಬೇಡ. ಅಂಥವರ ಜೊತೆ ರೈಲ್ ರನ್ನರ್ ರೈಲು ಹತ್ತಿ ಸಾಂಟಾ ಫೆಗೆ ಹೋಗಿಬನ್ನಿ, ಕನ್ವೆನ್ಷನ್ ಸೆಂಟರಿನಿಂದ ನಡೆದೇ ಸ್ಟೇಷನ್ ತಲುಪಬಹುದು, ಪ್ರಯಾಣ ಸುಮಾರು ಒಂದೂವರೆ ಗಂಟೆ. ಸಾಂಟಾ ಫೆಯೂ ಆಲ್ಬುಕರ್ಕಿಗಿಂತ ಎತ್ತರದಲ್ಲೇ ಇದೆ, ಅಲ್ಲೂ ನಿಧಾನ ನಡೆಯಿರಿ.

ಮುಂದಿನ ವರ್ಷಗಳಿಗೆ ಯೋಜನೆ ಹಾಕುವವರು ಇದನ್ನು ಗಮನಿಸಿ. 2026ರ ಜುಲೈನಿಂದ ಬೋಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್ ಈ ಐದೂ ಮೌಂಟನ್ ವೆಸ್ಟ್ ಬಿಟ್ಟು ಪ್ಯಾಕ್-12 ಎಂಬ ಬೇರೆ ಕಾನ್ಫರೆನ್ಸಿಗೆ. ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯ, ಯುಸಿ ಡೇವಿಸ್ ಮೊದಲಾದವು ಒಳಕ್ಕೆ. ಬೀಮನ್ ಮೆಕ್ಸಿಕೊಗೆ ಮೊದಲು ಓದುತ್ತಿದ್ದದ್ದು ಆ ಎಲ್ ಪಾಸೊದಲ್ಲೇ. ಆದ್ದರಿಂದ ಮಗುವಿನ ಕಾಲೇಜು ಯಾವ ಕಾನ್ಫರೆನ್ಸಿನಲ್ಲಿದೆ, ಆ ವರ್ಷದ ಕೂಟ ಎಲ್ಲಿ ಎಂಬುದನ್ನು ಖಚಿತ ಮಾಡಿಕೊಳ್ಳದೆ ಟಿಕೆಟ್ ತೆಗೆಯಬೇಡಿ, ಹೋಟೆಲ್ ರದ್ದು ಮಾಡಲು ಅವಕಾಶವಿರುವಂಥದ್ದನ್ನೇ ಆರಿಸಿ.

ಕಾರಿನಲ್ಲಿ ಫೀನಿಕ್ಸ್ ಕಡೆ ಮರಳುವವರು ಭಾನುವಾರ ಬೇಗ ಹೊರಟರೆ ಪೆಟ್ರಿಫೈಡ್ ಫಾರೆಸ್ಟ್ ನೋಡಿಕೊಂಡು ಹೋಗಬಹುದು, ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾದ ಮರದ ದಿಮ್ಮಿಗಳು. ಐ-40ರ 311ನೇ ಎಕ್ಸಿಟ್‌ನಲ್ಲಿ ಉತ್ತರದ ಗೇಟಿನಿಂದ ಒಳಹೊಕ್ಕು 28 ಮೈಲಿ ಓಡಿಸಿ ದಕ್ಷಿಣಕ್ಕೆ ಹೊರಬಿದ್ದರೆ, 180ನೇ ಹೆದ್ದಾರಿ ನಿಮ್ಮನ್ನು ಹೋಲ್‌ಬ್ರೂಕ್‌ಗೇ ತಂದು ಬಿಡುತ್ತದೆ, ಬಂದ ದಾರಿಯಲ್ಲೇ ಹಿಂದೆ ತಿರುಗಬೇಕಿಲ್ಲ. ಪಾರ್ಕ್ ಸಂಜೆ ಐದಕ್ಕೆ ಮುಚ್ಚುತ್ತದೆ. ಕಲ್ಲಾದ ಮರದ ಚೂರನ್ನೂ ಎತ್ತಿಕೊಳ್ಳುವಂತಿಲ್ಲ, ಹಿಂದಿನ ಸೀಟಿನಲ್ಲಿರುವ ಮಕ್ಕಳ ಜೇಬು ನೋಡಿಕೊಂಡೇ ಗೇಟು ದಾಟಿ.