‘ನಿಮ್ಮದು ಯಾವ ಹಾಡು ಹಿಟ್ ಉಂಟು?’

ಸಿನಿಮಾಕ್ಕೆ ಸಂಗೀತ ಮಾಡುತ್ತೇನೆ ಅಂದ ಕೂಡಲೇ ಮಂಗಳೂರಿನಲ್ಲಿ ಎಲ್ಲರೂ ಕೇಳುವುದು ಇದನ್ನೇ: ‘ಹೌದಾ? ನಿಮ್ಮದು ಯಾವ ಹಾಡು ಹಿಟ್ ಉಂಟು ಮಾರಾಯ್ರೇ?’ ಬೆನ್ನಿಗೇ ಇನ್ನೊಂದು: ‘ಗುರುಕಿರಣ್ ನಮ್ಮ ಊರಿನವರೇ ಅಲ್ವಾ, ನೀವು ಹಾಗೆ ಆಗುವುದು ಯಾವಾಗ?’

ಗುರುಕಿರಣ್ 1998ರಲ್ಲಿ ‘ಎ’ ಚಿತ್ರದಿಂದ ಎದ್ದು ಬಂದರು. ವಿಟ್ಲದ ವಿ. ಮನೋಹರ್ ಅವರ ‘ಜನುಮದ ಜೋಡಿ’ ಹಾಡುಗಳು 1996ರಲ್ಲಿ ಮನೆಮನೆಯಲ್ಲಿ ಕೇಳಿದವು. ಇಬ್ಬರ ಮೇಲೂ ನನಗೆ ಅಭಿಮಾನ. ಆದರೆ ಹಿಟ್ ಹಾಡಿಲ್ಲದ ಕೆಲಸ ಕೆಲಸವೇ ಅಲ್ಲ ಎನ್ನುವ ಧಾಟಿ ನನಗೆ ಆಗುವುದಿಲ್ಲ. ಇಳಯರಾಜ 1976ರ ತಮ್ಮ ಮೊದಲ ಚಿತ್ರ ‘ಅನ್ನಕ್ಕಿಳಿ’ಗೆ ಮುಂಚೆ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದವರು. ಆಗ ಅವರನ್ನು ಹೀಗೆ ಕೇಳಿದ್ದರೆ ಏನು ಹೇಳಬೇಕಿತ್ತು?

ಉಡುಪಿಯಲ್ಲಿ ಒಂದು ಮದುವೆ. ಎಲೆಗೆ ಸಾರು ಬಿದ್ದಿತ್ತು. ಮೈಕ್ ಹಿಡಿದವರು ‘ಮ್ಯೂಸಿಕ್ ಡೈರೆಕ್ಟರ್ ಬಂದಿದ್ದಾರೆ, ಈಗ ಅವರದೇ ಹಾಡು ಹಾಡ್ತಾರೆ’ ಅಂತ ಸಾರಿಬಿಟ್ಟರು. ನಾನು ಹಾಡುವವನಲ್ಲ, ಹೆಚ್ಚಾಗಿ ಹಿನ್ನೆಲೆ ಸಂಗೀತ ಮಾಡುವುದು ಅಂದೆ. ಪಕ್ಕದ ಹಿರಿಯರು ಸಮಾಧಾನ ಹೇಳಿದರು: ‘ಬಿಜಿಎಂ ಮಾತ್ರವಾ? ಬೇಜಾರು ಮಾಡ್ಬೇಡಿ, ಹಾಡು ಕೂಡ ಸಿಗ್ತದೆ.’

ಅವರು ರಾತ್ರಿಯಿಡೀ ಯಕ್ಷಗಾನ ನೋಡುವವರು! ವೇಷ ಹಾಕದೆ ಹಾಡಿ ಆಟ ನಡೆಸುವ ಭಾಗವತರನ್ನೇ ಒಂದನೇ ವೇಷ ಅನ್ನುವ ಊರು ನಮ್ಮದು. ಚೆಂಡೆಯವರ ಕಣ್ಣು ವೇಷದ ಕಾಲ ಮೇಲೆ. ಹೆಜ್ಜೆ ನಿಂತಲ್ಲಿ ಪೆಟ್ಟು ನಿಲ್ಲಬೇಕು, ಅರ್ಥ, ಅಂದರೆ ವೇಷದವರ ಮಾತು, ಶುರುವಾದರೆ ಚೆಂಡೆ ಸುಮ್ಮನಾಗಬೇಕು. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೂರಿಸುವ ರೀರೆಕಾರ್ಡಿಂಗಿನಲ್ಲೂ ಅದೇ ಲೆಕ್ಕ. ಮಾತು ಬರುವಲ್ಲಿ ಪಿಟೀಲು ಇಳಿಯದಿದ್ದರೆ ನಟನ ಸ್ವರವನ್ನೇ ನುಂಗುತ್ತದೆ. ಎಡಿಟರ್ ಕೊನೆ ಗಳಿಗೆಯಲ್ಲಿ ಎರಡು ಸೆಕೆಂಡ್ ಕತ್ತರಿಸಿದರೆ ಆ ಸೀನಿನ ತಾಳವೇ ತಪ್ಪುತ್ತದೆ, ಮತ್ತೆ ಕೂರಿಸಬೇಕು.

ಯಾವ ಸೀನಿಗೆ ಸಂಗೀತ ಹಾಕಲಿಲ್ಲ, ಯಾಕೆ ಹಾಕಲಿಲ್ಲ ಅಂತ ಕೇಳಿ ನೋಡಿ, ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ. ಒಂದು ತುಳು ಸಿನಿಮಾದಲ್ಲಿ ತಾಯಿ ಮೀನಿನ ಬುಟ್ಟಿ ಇಳಿಸಿ ಮಗನ ಮುಖ ನೋಡುತ್ತಾಳೆ. ನಿರ್ದೇಶಕರಿಗೆ ಅಲ್ಲಿ ಪಿಟೀಲು ಬೇಕಿತ್ತು. ಬೇಡ ಅಂತ ಜಗಳ ಮಾಡಿ, ಬುಟ್ಟಿ ನೆಲಕ್ಕೆ ತಾಗಿದ ಶಬ್ದವನ್ನಷ್ಟೇ ಉಳಿಸಿದೆ. ಅವಳು ಒಳಗೆ ತಿರುಗಿದ ಮೇಲೆ ತಂಬೂರಿ ಎತ್ತಿದೆ. ಥಿಯೇಟರಿನಲ್ಲಿ ಜನ ಕಣ್ಣೊರೆಸಿಕೊಂಡದ್ದು ಅಲ್ಲೇ.

ಆ ಚಿತ್ರದಲ್ಲಿ ಹಾಡುಗಳಿಗೇ ಹಣ ಮುಗಿದು, ರೀರೆಕಾರ್ಡಿಂಗಿಗೆ ಚಿಲ್ಲರೆ ಉಳಿದಿತ್ತು. ಇನ್ನು ಹಾಗೆ ಒಪ್ಪುವುದಿಲ್ಲ. ಹಿನ್ನೆಲೆ ಸಂಗೀತದ ಹಣವನ್ನು ನಿರ್ಮಾಪಕರು ಮೊದಲೇ ಬೇರೆ ಬರೆದುಕೊಡಲಿ. ಹಾಡು ಎಷ್ಟು, ಹಾಡುವುದು ಯಾರು ಅಂತ ಆಮೇಲೆ ಮಾತಾಡುವ.