ನನ್ನ ಶೆಲ್ಫಲ್ಲಿರೋ ಯಾವ ಕಾರೂ ಪೂರ್ತಿ ನಂದಲ್ಲ

ಸ್ಕೇಲ್ ಮಾಡೆಲ್ ಕಾರು, ಅಂದ್ರೆ ನಿಜವಾದ ಕಾರಿನ ಪುಟ್ಟ ಪ್ಲಾಸ್ಟಿಕ್ ಮಾದರಿ, ಬಿಡಿ ಪಾರ್ಟ್‌ಗಳ ಕಿಟ್ಟಿಂದ ಕಟ್ಟೋದು ಒಬ್ಬಂಟಿಗಳ ಹವ್ಯಾಸ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ನೋಡೋಕೆ ಹಾಗೇ ಕಾಣತ್ತೆ, ಸುಳ್ಳಲ್ಲ, ರಾತ್ರಿ ಊಟ ಆಗಿ ಮನೆಯವ್ರೆಲ್ಲ ಮಲಗಿದ್ಮೇಲೆ ಟೇಬಲ್ ಲ್ಯಾಂಪ್ ಹಾಕ್ಕೊಂಡು ಒಬ್ರೇ ಕೂತು, ನಿಪ್ಪರಲ್ಲಿ ಸ್ಪ್ರೂ ಅನ್ನೋ ಪ್ಲಾಸ್ಟಿಕ್ ಚೌಕಟ್ಟಿಂದ ಒಂದೊಂದೇ ಪಾರ್ಟ್ ಕತ್ತರಿಸಿ, ವಾಟರ್ ಪೇಪರಲ್ಲಿ ಒರಟು 400ರಿಂದ ಶುರು ಮಾಡಿ ನುಣುಪು 2000ದವರೆಗೆ ಉಜ್ಜಿ, ಕಾರಿನ ಬಾಡಿ ಮೇಲೆ ಪ್ರೈಮರ್ ಹೊಡೆದು ಒಣಗೋಕೆ ಇಟ್ಟು, ಇದರಲ್ಲಿ ಇನ್ನೊಬ್ರಿಗೆ ಜಾಗ ಎಲ್ಲಿದೆ ಅನ್ಸೋದು ಸಹಜ. ಆದ್ರೆ ಬೊಂಬಾಯಿ ಹತ್ರ ನಮ್ಮ ಡೊಂಬಿವಿಲಿ ಮನೆ ಶೆಲ್ಫ್ ಮುಂದೆ ಯಾರಾದ್ರೂ ನಿಂತು ಕೇಳಿದ್ರೆ ನಾನು ಬೇರೆನೇ ಲೆಕ್ಕ ಕೊಡ್ತೀನಿ, ಅದ್ರಲ್ಲಿ ಕಾಕಾ, ಅಕ್ಕ, ಶೆಟ್ರು ಅಂತ ನಮ್ಮ ಮಾಡೆಲ್ ಗುಂಪಿನವ್ರೆಲ್ಲ ಬರ್ತಾರೆ. ಈ ಬಿಳಿ ಸ್ಕೈಲೈನಿನ ಸೈಡ್ ಮಿರರ್ ಕಾಕಾ ಅವರ ಡಬ್ಬಿಯದ್ದು, ಆ ಮಸ್ಟಾಂಗಿನ ಸೀಟು ಬೆಲ್ಟ್ ಅಕ್ಕ ಮಾಸ್ಕಿಂಗ್ ಟೇಪ್ ಕೊಯ್ದು ಮಾಡಿಕೊಟ್ಟಿದ್ದು, ಬೀಟಲ್‌ನ ಬಣ್ಣ ಶೆಟ್ರು ಅರ್ಧ ಬಾಟ್ಲಿ ಕೊಟ್ಟಿದ್ದಕ್ಕೆ ಆಗಿದ್ದು. ಇನ್ನೊಬ್ರ ಕೈ ಬೀಳದ ಕಾರು ಅಲ್ಲಿ ಒಂದೂ ಇಲ್ಲ, ಅದು ನನಗೆ ತುಂಬ ಖುಷಿ ಕೊಡೋ ವಿಷಯ.

ಈ ಕೊಡು-ಕೊಳ್ಳು ಹುಟ್ಟಿರೋದೇ ಕಿಟ್ಟಿನ ಡಬ್ಬಿಯಿಂದ. ಅಮೆರಿಕದ ಎಎಂಟಿ ಕಂಪನಿ 1958ರಲ್ಲೇ ತ್ರೀ-ಇನ್-ಒನ್ ಕಿಟ್ ತಂತು, ಅಂದ್ರೆ ಒಂದೇ ಡಬ್ಬಿಯಲ್ಲಿ ಶೋರೂಮ್ ಕಾರೂ ಮಾಡಬಹುದು, ಕಸ್ಟಮ್ಮೂ ಮಾಡಬಹುದು, ರೇಸ್ ಕಾರೂ ಮಾಡಬಹುದು. ಒಂದು ಮಾಡಿದ್ರೆ ಇನ್ನೆರಡರ ಪಾರ್ಟ್ ಉಳಿದೇ ಉಳಿಯತ್ತೆ. ಜಪಾನಿನ ಕಿಟ್‌ಗಳಲ್ಲಿ ಎಷ್ಟೋ ಸಲ ಎಡಗಡೆ ಸ್ಟೀರಿಂಗಿನ ಡ್ಯಾಶ್‌ಬೋರ್ಡೂ ಇರತ್ತೆ ಬಲಗಡೆದೂ ಇರತ್ತೆ, ನಾವು ಬಲಗಡೆದು ಹಾಕ್ತೀವಿ, ಇನ್ನೊಂದು ಡಬ್ಬಿಗೆ ಹೋಗತ್ತೆ. ಹೀಗೆ ಈ ಹವ್ಯಾಸ ಇರೋ ಪ್ರತಿಯೊಬ್ಬರ ಮನೇಲೂ ಒಂದು ಸ್ಪೇರ್ ಡಬ್ಬಿ ತುಂಬ್ತಾ ಹೋಗತ್ತೆ, ಮತ್ತೆ ನಿಮಗೆ ಬೇಕಾಗಿರೋದು ಯಾವಾಗ್ಲೂ ಇನ್ಯಾರದೋ ಡಬ್ಬಿಯಲ್ಲೇ ಇರತ್ತೆ. ಅಮೆರಿಕದ ಹಳೇ ಕಿಟ್‌ಗಳು ಹೆಚ್ಚಾಗಿ 1/25, ಅಂದ್ರೆ ನಿಜವಾದ ಕಾರಿನ ಅಳತೆಯ ಇಪ್ಪತ್ತೈದರಲ್ಲಿ ಒಂದು ಭಾಗ, ಜಪಾನಿಂದು 1/24, ಹಾಗಾಗಿ ಎಲ್ಲಾ ಎಲ್ಲದಕ್ಕೂ ಕೂರಲ್ಲ, ಸೀಟು ಸೈಲೆನ್ಸರ್ ನಡೆಯತ್ತೆ, ಬಾನೆಟ್ ನಡೆಯಲ್ಲ.

ನಮ್ಮ ಕಡೆ ಇನ್ನೊಂದು ಕಾರಣಾನೂ ಇದೆ, ದುಡ್ಡು. ಆಟಿಕೆ ಮೇಲಿನ ಕಸ್ಟಮ್ಸ್ ಡ್ಯೂಟಿ 2020ರಲ್ಲಿ 20%ರಿಂದ 60% ಆಯ್ತು, 2023ರಲ್ಲಿ 70% ಆಯ್ತು, ನಮ್ಮ ಕಿಟ್‌ಗಳೂ ಅದೇ ಲೆಕ್ಕಕ್ಕೆ ಬರ್ತವೆ. ಸ್ಪ್ರೇ ಕ್ಯಾನ್, ಬಣ್ಣ ತೆಳು ಮಾಡೋ ಲ್ಯಾಕರ್ ಥಿನ್ನರ್ ಎಲ್ಲಾ ಬೆಂಕಿ ಹತ್ತೋ ಸಾಮಾನು, ಮಾಮೂಲಿ ಪಾರ್ಸೆಲ್ ಹಾಗೆ ವಿಮಾನದಲ್ಲಿ ಕಳಿಸೋಕೂ ಬಿಡಲ್ಲ. ಹಾಗಾಗಿ ಯಾರಿಗಾದ್ರೂ ಒಂದು ಒಳ್ಳೆ ಥಿನ್ನರ್ ಸಿಕ್ತು ಅಂದ್ರೆ ಅದು ಅವರೊಬ್ಬರದ್ದಾಗಿ ಉಳಿಯಲ್ಲ, ಸಣ್ಣ ಸಣ್ಣ ಗಾಜಿನ ಬಾಟ್ಲಿಗೆ ಹಂಚಿಕೆ ಆಗತ್ತೆ. ಉಜ್ಜೋ ಫೈಲು (ಅರ), ಸಣ್ಣ ಡ್ರಿಲ್‌ಬಿಟ್, ವಾಟರ್ ಪೇಪರ್ ಬೇಕಾದ್ರೆ ನಾಗದೇವಿ ಸ್ಟ್ರೀಟು, ಸಣ್ಣ ತಂತಿ ಬೇಕಾದ್ರೆ ಲ್ಯಾಮಿಂಗ್ಟನ್ ರೋಡು, ಒಬ್ರು ಹೋದ್ರೆ ನಾಲ್ಕು ಜನರದ್ದು ತರ್ತಾರೆ. ಹಳೇ ಮಾಡೆಲ್ ಕಾರು ಹುಡುಕೋಕೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಮಾತ್ರ ಒಟ್ಟಿಗೇ ಹೋಗ್ತೀವಿ, ಅಲ್ಲಿ ಚೌಕಾಸಿ ಕಾಕಾ ಬಿಟ್ರೆ ಬೇರೆಯವ್ರಿಗೆ ಆಗಲ್ಲ.

ನಾವು ಸೇರೋದು ಮಾಟುಂಗಾದಲ್ಲಿ, ಶೆಟ್ರ ಮನೇಲಿ, ಭಾನುವಾರ. ಮಾಟುಂಗಾ ಯಾಕೆ ಅಂದ್ರೆ ಸೆಂಟ್ರಲ್ ಲೈನ್ ಮಾಟುಂಗಾ ಸ್ಟೇಷನ್ನಿಂದಾನೂ ವೆಸ್ಟರ್ನ್ ಲೈನಿನ ಮಾಟುಂಗಾ ರೋಡಿಂದಾನೂ ನಡ್ಕೊಂಡು ಬರಬಹುದು, ಮತ್ತೆ ಬೆಳಿಗ್ಗೆ ತಿಂಡಿಗೆ ಯಾವ ಹೋಟ್ಲು ಅಂತ ಯೋಚ್ನೆ ಮಾಡೋ ಅಗತ್ಯ ಇಲ್ಲ. ಶೆಟ್ರು ಕಾರ್ಕಳದ ಕಡೆಯವ್ರು, ಹೋಟ್ಲು ಕೆಲಸಕ್ಕೆ ಅಂತ ಹುಡುಗನಾಗಿದ್ದಾಗ ಬೊಂಬಾಯಿಗೆ ಬಂದವ್ರು, ಈಗ ರಿಟೈರ್ಡ್. ಕಾಕಾ ಮರಾಠಿಯವ್ರು, ಟೂಲ್ ರೂಮಲ್ಲಿ ಅಚ್ಚು ಮಾಡ್ತಿದ್ದ ಕೈ, ಕನ್ನಡ ಮಾತಾಡಲ್ಲ ಆದ್ರೆ ನಮ್ ಜಗಳ ಪೂರ್ತಿ ಅರ್ಥ ಆಗತ್ತೆ. ಅಕ್ಕ ನಮ್ಮ ಡೊಂಬಿವಿಲಿಯವ್ರೇ, ಟೀಚರ್, ಡೀಕಾಲ್, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ತೆಳು ಸ್ಟಿಕ್ಕರ್, ಕೂರಿಸೋದ್ರಲ್ಲಿ ಅವರಷ್ಟು ತಾಳ್ಮೆ ನಾನು ಬೇರೆ ಯಾರಲ್ಲೂ ನೋಡಿಲ್ಲ. ಪುಣೆಯಿಂದ ಒಬ್ಬ ಹುಡುಗ ಬರ್ತಾನೆ, ಧಾರವಾಡದವ್ನು, ಚಿಂಚ್ವಡ್‌ದಲ್ಲಿ ಡಿಸೈನ್ ಕೆಲಸ, ಡೆಕ್ಕನ್ ಕ್ವೀನ್ ಹಿಡಿದು ದಾದರಲ್ಲಿ ಇಳಿದು ಹೆಗಲ ಮೇಲೆ ಬ್ಯಾಗು ಹಾಕ್ಕೊಂಡು ಬರ್ತಾನೆ, ಬ್ಯಾಗಲ್ಲಿ ಬಟ್ಟೆಗಿಂತ ಜಾಸ್ತಿ ಪ್ಲಾಸ್ಟಿಕ್ ಇರತ್ತೆ. ಈ ನಾಲ್ಕು ಜನರ ಜೊತೆ ನನಗೆ ಬೇರೆ ಯಾವ ದಾರಿಯಿಂದಾನೂ ಪರಿಚಯ ಆಗೋ ಚಾನ್ಸೇ ಇರ್ಲಿಲ್ಲ.

ಮಳೆಗಾಲದಲ್ಲಂತೂ ಶೆಟ್ರ ಮನೆನೇ ಗತಿ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿ ಹಸಿ ಇರತ್ತೆ, ಲ್ಯಾಕರ್ ಬಣ್ಣ ಹೊಡೆದ್ರೆ ಥಿನ್ನರ್ ಬೇಗ ಆವಿಯಾಗ್ತಾ ಮೇಲ್ಮೈ ತಣ್ಣಗಾಗತ್ತೆ, ಆ ತಣ್ಣಗಿರೋ ಬಣ್ಣದ ಮೇಲೆ ಗಾಳಿಯ ತೇವ ಕೂತು ಬೆಳ್ಳಗೆ ಮಂಜು ಹಿಡಿದ ಹಾಗೆ ಆಗತ್ತೆ, ಇದನ್ನೇ ಬ್ಲಷಿಂಗ್ ಅನ್ನೋದು. ಕಪ್ಪು ಕಾರಲ್ಲಿ ಆದ್ರೆ ಹೊಟ್ಟೆ ಉರಿಯತ್ತೆ. ನಿಧಾನಕ್ಕೆ ಒಣಗಿಸೋ ರಿಟಾರ್ಡರ್ ಇರೋ ಥಿನ್ನರ್ ಹಾಕಬೇಕು, ಇಲ್ಲಾ ಏಸಿ ರೂಮಲ್ಲಿ ಹೊಡೀಬೇಕು. ಶೆಟ್ರು ತಮ್ಮ ಮಗನ ರೂಮು, ಮಗ ಈಗ ದುಬೈಯಲ್ಲಿ, ಪೂರ್ತಿ ಇದಕ್ಕೇ ಬಿಟ್ಟಿದ್ದಾರೆ, ಕಿಟಕಿಗೆ ಹೊಗೆ ಹೊರಗೆ ಹಾಕೋ ಫ್ಯಾನಿರೋ ಬೂತು, ಬಣ್ಣ ಹೊಡೆಯೋಕೆ ಕಂಪ್ರೆಸರು, ಅದರ ಗಾಳಿಯ ನೀರು ಹಿಡಿಯೋ ಟ್ರ್ಯಾಪು ಎಲ್ಲಾ ಇದೆ. ವಾಸನೆಗೆ ಅವರ ಮನೆಯವ್ರು ಒಂದು ದಿನ ಮುಖ ಸಿಂಡರಿಸಿದ್ದಿಲ್ಲ, ಮಾಸ್ಕ್ ಹಾಕ್ಕೊಳ್ಳದೆ ಕೂತ್ರೆ ಮಾತ್ರ ಬೈತಾರೆ.

ಪುಸ್ತಕದಲ್ಲಿ ಓದಿ ಕಲಿತಿದ್ದಕ್ಕಿಂತ ಆ ರೂಮಲ್ಲಿ ಕಲಿತಿದ್ದೇ ನನಗೆ ಹೆಚ್ಚು. ಬಣ್ಣ ಕೆಟ್ರೆ ಬಾಡಿನ ಡೆಟಾಲಲ್ಲಿ ಮುಳುಗಿಸಿಟ್ಟು ಮಾರನೇ ದಿನ ಹಳೇ ಟೂತ್‌ಬ್ರಷಲ್ಲಿ ಉಜ್ಜಿದ್ರೆ ಅಕ್ರಿಲಿಕ್ಕೂ ಎನಾಮೆಲ್ಲೂ ಕಿತ್ಕೊಂಡು ಬರತ್ತೆ, ಆದ್ರೆ ಆಗ್ಲೇ ನೀರು ತಾಗಿಸಬಾರದು, ಅಂಟು ಅಂಟಾಗತ್ತೆ, ಮೊದಲು ಇನ್ನೊಂದು ಸಲ ಬರೀ ಡೆಟಾಲಲ್ಲೇ ತೊಳೀಬೇಕು. ಕಿಟಕಿ ಗಾಜಿನ ಪ್ಲಾಸ್ಟಿಕ್ ಪಾರ್ಟಿಗೆ ಫೆವಿಕ್ವಿಕ್ ತರದ ಅಂಟು ಹಾಕಿದ್ರೆ ಅದರ ಆವಿಗೇ ಗಾಜು ಮಬ್ಬಾಗತ್ತೆ, ಬಿಳಿ ಫೆವಿಕಾಲ್ ಸಾಕು, ಒಣಗಿದ್ರೆ ಕಾಣಲ್ಲ. ಚೋರ್ ಬಜಾರಲ್ಲಿ ಸಿಕ್ಕ ಹಳೇ ಕಿಟ್ಟಿನ ಡೀಕಾಲ್ ಹಳದಿಯಾಗಿದ್ರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಿಸಿಲು ಬೀಳೋ ಕಿಟಕಿಗೆ ಅಂಟಿಸಿಡೋದು, ಕೆಲವು ದಿನಕ್ಕೆ ಹಳದಿ ಇಳಿಯತ್ತೆ. ಇದನ್ನೆಲ್ಲ ಹೇಳಿಕೊಟ್ಟವ್ರು ಯಾರೂ ನನ್ನಿಂದ ಏನೂ ಕೇಳಿಲ್ಲ. ಹೊಸಬ್ರು ಬಂದ್ರೆ ನಾನೂ ಹಾಗೇ ಹೇಳಿಕೊಡ್ತೀನಿ, ಗುಟ್ಟು ಇಟ್ಕೊಳ್ಳೋರನ್ನ ಕಂಡ್ರೆ ನನಗೆ ಆಗಲ್ಲ.

ಈಗ ಟ್ಯಾಕ್ಸಿ ವಿಷಯಕ್ಕೆ ಬರ್ತೀನಿ, ಈ ಪೋಸ್ಟ್ ಬರೀಬೇಕು ಅನ್ಸಿದ್ದೇ ಅದಕ್ಕೆ.

2023ರ ಅಕ್ಟೋಬರ್ 30ಕ್ಕೆ ಬೊಂಬಾಯಿ ರಸ್ತೆಯಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ, ಜನ ಫಿಯೆಟ್ ಅಂತಲೇ ಕರೀತಿದ್ದ ಗಾಡಿ, ಹೋಯ್ತಲ್ಲ, ಕೊನೇ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಓದಲ್ಲಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್ 29ಕ್ಕೆ, ಇಪ್ಪತ್ತು ವರ್ಷದ ಮಿತಿ ಮುಗೀತು. ಶೆಟ್ರ ಅಣ್ಣ ಪದ್ಮಿನಿ ಓಡಿಸ್ತಿದ್ರು, ಈಗ ಅವ್ರಿಲ್ಲ. ಆ ವಾರ ಶೆಟ್ರು ಜಾಸ್ತಿ ಮಾತಾಡ್ಲಿಲ್ಲ, ಒಂದೇ ಮಾತು ಕೇಳಿದ್ರು, "ಇಷ್ಟು ಫೆರಾರಿ ಪೋರ್ಶೆ ಕಟ್ಟಿದ್ದೇವಲ್ಲ ಮಾರಾಯ್ರೆ, ನಮ್ಮ ಫಿಯೆಟ್ ಒಂದು ಕಟ್ಲಿಕ್ಕೆ ಆಗುದಿಲ್ವಾ?"

ಜಪಾನಿನ ಕಿಟ್ ಕಂಪನಿ ತಮಿಯಾದವ್ರು 1976ರಲ್ಲಿ ಬಂದ 1/12 ಪೋರ್ಶೆ 934 ಕಿಟ್ಟಿಗೋಸ್ಕರ ನಿಜವಾದ ಪೋರ್ಶೆ 911 ಒಂದನ್ನ ಕೊಂಡ್ಕೊಂಡು ಪೂರ್ತಿ ಬಿಚ್ಚಿ ಅಳತೆ ತಗೊಂಡಿದ್ರು. ಪದ್ಮಿನಿಗೆ ಹಾಗೆ ಮಾಡೋರು ಯಾರು? ಕುರ್ಲಾದಲ್ಲೇ ಹುಟ್ಟಿದ ಕಾರು, ಫಿಯೆಟ್ 1100ಡಿ ಆಧಾರದ್ದು, 1089 ಸಿಸಿ ಇಂಜಿನ್, ಆದ್ರೆ ಮೇಜಿನ ಮೇಲೆ ಕಟ್ಟೋಕೆ ನಮ್ಮ ಕೈಗೆ ಸಿಗೋ ಕಿಟ್ ಇರ್ಲಿಲ್ಲ. ಹಾಗಾಗಿ ನಾವೇ ಟೇಪ್ ಹಿಡಿದ್ವಿ. ಠಾಣೆ ಕಡೆ ಶೆಟ್ರ ಪರಿಚಯದವರೊಬ್ರು ತಮ್ಮ ಸ್ವಂತ ಪದ್ಮಿನಿನ ಇನ್ನೂ ಚೆನ್ನಾಗಿ ಇಟ್ಕೊಂಡಿದ್ದಾರೆ, ಅಲ್ಲಿ ಹೋಗಿ ಮಧ್ಯಾಹ್ನ ಪೂರ್ತಿ ಕಾಕಾ ಅಳತೆ ಹೇಳೋದು ನಾನು ಬರ್ಕೊಳ್ಳೋದು, ಹುಡುಗ ಎಲ್ಲಾ ಕಡೆಯಿಂದ ಫೋಟೋ ಹೊಡ್ಯೋದು. ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2340 ಮಿಲಿಮೀಟರ್, 1/24 ಸ್ಕೇಲಿಗೆ 24ರಿಂದ ಭಾಗ್ಸಿದ್ರೆ 97.5. ಆ ತೊಂಬತ್ತೇಳೂವರೆ ಮಿಲಿಮೀಟರ್ ಮೇಲೇ ಉಳಿದಿದ್ದೆಲ್ಲ ಕೂತಿದ್ದು.

ಹುಡುಗ ಪುಣೆಯಲ್ಲಿ ಕಂಪ್ಯೂಟರಲ್ಲಿ ಬಾಡಿ ಬಿಡಿಸಿ ರೆಸಿನಲ್ಲಿ ತ್ರೀಡಿ ಪ್ರಿಂಟ್ ತೆಗೆಸಿ ತಂದ. ಪದರ ಪದರ ಗೆರೆ ಇತ್ತು, ಅದನ್ನ ಉಜ್ಜಿ ನುಣ್ಣಗೆ ಮಾಡೋ ಕೆಲಸ ಕಾಕಾದು, ಮೂಲೆ ಗೆರೆ ಒಂದೂ ದುಂಡಾಗದ ಹಾಗೆ ಫೈಲ್ ಮಾಡೋದು ನೋಡ್ತಾ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಚಕ್ರಕ್ಕೆ ನನ್ನ ಡಬ್ಬಿಯಲ್ಲಿದ್ದ ಬೀಟಲ್ ಚಕ್ರ ಹಾಕೋಣ ಅಂತ ನಾನಂದೆ, ಹುಡುಗ ಕ್ಯಾಲಿಪರ್ ಇಟ್ಟು, "ಅಣ್ಣಾರ, ಇದು ಹದಿನೈದಿಂಚಿಂದು, ಪದ್ಮಿನಿದು ಹದಿನಾಲ್ಕು, ಒಂದ ಮಿಲಿಮೀಟರ್ ದೊಡ್ಡದಾಗ್ತೈತ್ರಿ" ಅಂದ. ಒಂದು ಮಿಲಿಮೀಟರ್ ಯಾರು ನೋಡ್ತಾರೆ ಅಂತ ಕೇಳೋ ಜಾಗ ಅಲ್ಲ ಅದು, ಬೇರೆ ಚಕ್ರ ಪ್ರಿಂಟ್ ಆಗಿ ಬಂತು.

ಬಣ್ಣಕ್ಕೆ ಆದಷ್ಟು ವಾದ ಯಾವುದಕ್ಕೂ ಆಗಿಲ್ಲ. ಕಪ್ಪು ಬಾಡಿ ಹಳದಿ ತಲೆ, ಅದು ಎಲ್ರಿಗೂ ಗೊತ್ತು, ಹಳದಿ ಮೊದಲು ಹೊಡೀಬೇಕು ಅನ್ನೋದೂ ಗೊತ್ತು, ಯಾಕಂದ್ರೆ ಹಳದಿ ತೆಳು, ಕಪ್ಪಿನ ಮೇಲೆ ಎಷ್ಟು ಹೊಡೆದ್ರೂ ಕೊಳಕಾಗೇ ಕಾಣತ್ತೆ. ಅಕ್ಕ ಕೆಳಗೆ ಗುಲಾಬಿ ಕೋಟ್ ಹಾಕಿ ಅಂದ್ರು, ಹಾಕಿದ್ವಿ, ಹಳದಿಗೆ ಒಂದು ಬೆಚ್ಚಗಿನ ಕಳೆ ಬಂತು. ಆದ್ರೆ ಎಷ್ಟು ಹೊಳೀಬೇಕು? ನಾನು ಪೂರ್ತಿ ಹೊಳೆಯೋ ಕ್ಲಿಯರ್ (ಬಣ್ಣದ ಮೇಲೆ ಕೊನೆಗೆ ಹೊಡೆಯೋ ಪಾರದರ್ಶಕ ಕೋಟ್) ಅಂದೆ. ಶೆಟ್ರು ಒಪ್ಲಿಲ್ಲ. "ಅಣ್ಣ ದಿನಾ ಬೆಳಿಗ್ಗೆ ಬಕೆಟ್ ನೀರಲ್ಲಿ ಗಾಡಿ ತೊಳೀತಿದ್ದ, ಹೊಳೀತಿತ್ತು, ಆದ್ರೆ ಬ್ರಷಲ್ಲಿ ಟಚಪ್ ಮಾಡಿದ ಹೊಳಪು ಅದು, ಶೋರೂಮಿಂದಲ್ಲ." ಕೊನೆಗೆ ಅರ್ಧ ಹೊಳಪಿನ ಸೆಮಿ-ಗ್ಲಾಸ್ ಆಯ್ತು, ಬಾಗ್ಲ ಕೆಳಗಡೆ ಸ್ವಲ್ಪ ಮಂಕು ಮಾಡಿದ್ವಿ. ಎಡಗಡೆ ಮುಂದೆ ಹೊರಗೆ ಕೂರೋ ಹಳೇ ಮೀಟರನ್ನ ಅಕ್ಕ ಪ್ಲಾಸ್ಟಿಕ್ ಶೀಟಲ್ಲಿ ಕೊಯ್ದು ಮಾಡಿದ್ರು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಹಳೇ ಇಯರ್‌ಫೋನ್ ತಂತಿ. ಒಳಗೆ ಸೀಲಿಂಗಿಗೆ ಹೂವಿನ ಬಟ್ಟೆ ಬೇಕೇ ಬೇಕು ಅಂತ ಶೆಟ್ರು ಹಠ ಹಿಡಿದ್ರು, ಕಾರು ತಿರುಗಿಸಿ ಕಿಟಕಿಯಿಂದ ಇಣುಕಿದ್ರೆ ಮಾತ್ರ ಕಾಣೋದು, ಆದ್ರೂ ಮಾಡಿದ್ವಿ, ಕಾಗದದ ಮೇಲೆ ಸಣ್ಣದಾಗಿ ಪ್ರಿಂಟ್ ಮಾಡಿ.

ನಮ್ಮಲ್ಲಿ ಒಂದು ಪದ್ಧತಿ ಇದೆ, ತಪ್ಪು ಕಂಡ್ರೆ ಕ್ಲಿಯರ್ ಹೊಡೆಯೋ ಮುಂಚೆ ಹೇಳ್ಬೇಕು. ಆಮೇಲೆ ಹೇಳಿದ್ರೆ ಸರಿ ಮಾಡೋಕೆ ಆಗಲ್ಲ, ಮನಸ್ಸು ನೋಯತ್ತೆ ಅಷ್ಟೇ. ಮುಂಚೆ ಮಾತ್ರ ಮುಲಾಜಿಲ್ಲದೆ ಹೇಳ್ಬೇಕು, ಚೆನ್ನಾಗಿಲ್ಲದ್ದನ್ನ ಚೆನ್ನಾಗಿದೆ ಅನ್ನೋ ಹಾಗಿಲ್ಲ. ನಾನು ಬೇರೆ ಕಡೆನೂ ಮಾಡೆಲ್ ತಗೊಂಡು ಹೋಗಿದ್ದೀನಿ, ಹೊಗಳಿಕೆ ಬೇಕಾದಷ್ಟು ಸಿಗತ್ತೆ, ಮೆಡಲ್ಲೂ ಸಿಗತ್ತೆ, ಆದ್ರೆ ಎಡಗಡೆ ಬಾಗ್ಲ ಗೆರೆ ಪುಟ್ಟಿಯಲ್ಲಿ ಮುಚ್ಚಿಹೋಗಿದೆ ಅಂತ ಟೈಮಲ್ಲಿ ಹೇಳೋರು ಸಿಗೋದು ಕಷ್ಟ. ನನ್ನ ಕೆಲಸದ ಬಗ್ಗೆ ಅಷ್ಟು ಕಾಳಜಿ ಇರೋರು ಮಾತ್ರ ಹಾಗೆ ಹತ್ತಿರ ಹಿಡಿದು ನೋಡ್ತಾರೆ. ಇದೇ ಜನ ಕಳೆದ ವರ್ಷ ನಮ್ಮಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಸರದಿ ಮೇಲೆ ಕೂತಿದ್ರು, ಕಾಕಾ ಮರಾಠಿಯಲ್ಲಿ ಅಮ್ಮ ಕನ್ನಡದಲ್ಲಿ ಗಂಟೆಗಟ್ಲೆ ಅದೇನ್ ಮಾತಾಡಿದ್ರೋ. ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಅವ್ರಿಗೆ ಇಷ್ಟ ಆಗಲ್ಲ.

ಟ್ಯಾಕ್ಸಿ ಮುಗೀತು. ಬಂಪರಿಗೆ ಕ್ರೋಮ್ ಪೆನ್ ಹಾಕಿದ್ದು, ಗ್ರಿಲ್ಲಿಗೆ ಅಡುಗೆಮನೆ ಫಾಯಿಲ್ ಅಂಟಿಸಿದ್ದು. ನಂಬರ್ ಪ್ಲೇಟಿಗೆ ಶೆಟ್ರ ಅಣ್ಣನ ಗಾಡಿ ನಂಬರೇ ಹಾಕಿದ್ದು, ಅದು ಇಲ್ಲಿ ಬರೆಯೋದು ಬೇಡ. ಶೆಟ್ರೇ ಇಟ್ಕೊಳ್ಳಿ ಅಂದ್ರೆ ಅವ್ರು ಕೇಳ್ಲಿಲ್ಲ, ಎಲ್ರ ಮನೇಲೂ ಒಂದೊಂದು ತಿಂಗಳು ಇರ್ಲಿ ಅಂತ ತೀರ್ಮಾನ ಮಾಡಿದ್ರು. ಮೊದಲು ಕಾಕಾ ಮನೆಗೆ ಹೋಯ್ತು, ಈಗ ನಮ್ಮನೇಲಿದೆ, ಬರೋ ತಿಂಗಳು ಹುಡುಗ ಪುಣೆಗೆ ಒಯ್ತಾನೆ, ಅದಕ್ಕೆ ಅಂತ ಒಳಗೆ ಫೋಮ್ ಇರೋ ಒಂದು ಡಬ್ಬಿ ಅವ್ನೇ ಮಾಡಿಸಿದ್ದಾನೆ. ಮೇಲಿನ ಕ್ಯಾರಿಯರ್ ಇನ್ನೂ ಹಾಕಿಲ್ಲ. ಕಾಕಾ ಹಿತ್ತಾಳೆ ತಂತಿ ಬೆಸುಗೆ ಹಾಕಿ ಮಾಡೋಣ ಅಂತಾರೆ, ಹುಡುಗ ಪ್ರಿಂಟ್ ಸಾಕು ಅಂತಾನೆ, ನಾನು ಕಾಕಾ ಕಡೆ, ಅಕ್ಕ ಇನ್ನೂ ಬಾಯಿ ಬಿಟ್ಟಿಲ್ಲ. ಈ ಭಾನುವಾರ ಇತ್ಯರ್ಥ ಆಗತ್ತೆ.